ಬಿಳಿ ಬಿಎಂಪಿಯೊಳಗಿನ ಮೂವರು

ನಿಮ್ಮ ಪ್ರಶ್ನೆ, ಸುಬೇದಾರರ ಉತ್ತರ

ಹೋದ ಸಂಚಿಕೆಯಲ್ಲಿ ಪಿಂಚಣಿ ಕುರಿತ ಪತ್ರವೊಂದಕ್ಕೆ ಉತ್ತರ ಬರೆಯುವಾಗ ಒಂದು ಸಾಲು ಸೇರಿಸಿದ್ದೆ: ನಾನು ಕಾಂಗೋ ದೇಶದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿದ್ದೆ, ಬಿಎಂಪಿ ಎಂಬ ಕವಚವಾಹನದ ಕಮಾಂಡರ್ ಆಗಿದ್ದೆ ಎಂದು. ಪಿಂಚಣಿಯ ಬಗ್ಗೆ ಮರುಪ್ರಶ್ನೆ ಒಂದೂ ಬರಲಿಲ್ಲ. ಆ ಒಂದು ಸಾಲಿಗೆ ಮಾತ್ರ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಸಂಪಾದಕರು ಎಲ್ಲವನ್ನೂ ಒಂದು ಲಕೋಟೆಯಲ್ಲಿ ಹಾಕಿ ಮಾನ್ವಿಗೆ ಕಳುಹಿಸಿ, ‘ಈ ಸಲ ಇಷ್ಟೇ ಸಾಕು’ ಎಂದು ಚೀಟಿ ಇಟ್ಟಿದ್ದಾರೆ. ಹಾಗಾಗಿ ಪಿಂಚಣಿ, ಕ್ಯಾಂಟೀನ್ ಕಾರ್ಡು, ಮಗಳ ಮದುವೆಯ ಅನುದಾನ ಮುಂದಿನ ತಿಂಗಳಿಗೆ.

ಯುದ್ಧದ ಗಾಡಿಗಳಿಗೆ ಹಸಿರು, ಕಂದು ಬಣ್ಣ ಹಚ್ಚುತ್ತಾರೆ. ವಿಶ್ವಸಂಸ್ಥೆಯ ಗಾಡಿಗೆ ಬಿಳಿ ಏಕೆ? ವೈರಿಗೆ ಕಾಣುವುದಿಲ್ಲವೇ?
— ಎಂಟನೆಯ ತರಗತಿ ವಿದ್ಯಾರ್ಥಿ, ದೇವದುರ್ಗ

ಕಾಣಲೆಂದೇ ಬಿಳಿ. ಅದರ ಮೇಲೆ ಕಪ್ಪು ಬಣ್ಣದಲ್ಲಿ ದೊಡ್ಡದಾಗಿ ‘ಯುಎನ್’ ಎಂದು ಬರೆದಿರುತ್ತಾರೆ. ಮೇಲೆ ನೀಲಿ ಬಾವುಟ ಬೇರೆ.

ಸೈನ್ಯಕ್ಕೆ ಸೇರಿದ ದಿನದಿಂದ ನಮಗೆ ಕಲಿಸುವುದು ಅಡಗುವ ವಿದ್ಯೆಯನ್ನು. ಅಹ್ಮದ್‌ನಗರದಲ್ಲಿ (ಈಗ ಅಹಿಲ್ಯಾನಗರ) ನಮ್ಮ ಮೆಕನೈಸ್ಡ್ ಇನ್‌ಫೆಂಟ್ರಿ ರೆಜಿಮೆಂಟಿನ ತರಬೇತಿ ಕೇಂದ್ರವಿದೆ. ಅಲ್ಲಿ ಉಸ್ತಾದರು ಬೈದು ಬೈದು ಹೇಳಿಕೊಡುತ್ತಿದ್ದುದು ಇದನ್ನೇ: ಗಾಡಿಯನ್ನು ಮರದ ನೆರಳಿಗೆ ಒಯ್ಯಿರಿ, ಬಲೆ ಹೊದಿಸಿರಿ, ದಿಬ್ಬದ ನೆತ್ತಿಯ ಮೇಲೆ ನಿಲ್ಲಬೇಡಿ, ರಾತ್ರಿ ಬೀಡಿಯ ಕಿಡಿಯೂ ಹೊರಗೆ ಕಾಣಕೂಡದು. ಶಾಂತಿಪಾಲನೆಗೆ ಹೋದರೆ ಇದೆಲ್ಲ ತಲೆಕೆಳಗು. ರಸ್ತೆಗಳು ಕೂಡುವ ಬಯಲಿನಲ್ಲಿ, ನಾಲ್ಕು ದಿಕ್ಕಿಗೂ ಕಾಣುವಂತೆ ನಿಲ್ಲಬೇಕು. ರಾತ್ರಿಯ ಗಸ್ತಿಗೆ ದೀಪ ಹಚ್ಚಿಕೊಂಡೇ ಹೋಗಬೇಕು. ಊರಿನ ಜನರಿಗೆ ನಾವು ಇದ್ದೇವೆ ಎಂದು ಗೊತ್ತಾಗಬೇಕು, ಗುಡ್ಡದ ಮೇಲೆ ಕುಳಿತವನಿಗೂ ಗೊತ್ತಾಗಬೇಕು. ಸರ್ಕಾರದ ಸೈನ್ಯದ ಗಾಡಿ ಹಸಿರು, ಬಂಡುಕೋರರ ಗಾಡಿಯೂ ಹಸಿರು. ನಡುವೆ ನಿಂತದ್ದು ಇಬ್ಬರದೂ ಅಲ್ಲ ಎಂದು ದೂರದಿಂದಲೇ ತಿಳಿಯಲು ಬಿಳಿ ಬೇಕು.

ನೀನು ಹೇಳಿದಂತೆ ಗುರಿ ಇಡುವವನಿಗೂ ಅದು ಚೆನ್ನಾಗಿಯೇ ಕಾಣುತ್ತದೆ. ಹೊಸದಾಗಿ ಬಂದ ಹುಡುಗರು ತಮಗೆ ಗೊತ್ತಿಲ್ಲದೆಯೇ ಗಾಡಿಯನ್ನು ಒಯ್ದು ಮಾವಿನ ಮರದ ಕೆಳಗೆ ನಿಲ್ಲಿಸಿಬಿಡುತ್ತಿದ್ದರು. ವರ್ಷಗಟ್ಟಲೆಯ ಅಭ್ಯಾಸ. ಮತ್ತೆ ಬಯಲಿಗೆ ತರಿಸಬೇಕಾಗುತ್ತಿತ್ತು. ಇನ್ನೊಂದು ಕಷ್ಟ ನಿಮ್ಮ ತಾಯಿಗೆ ಅರ್ಥವಾಗುತ್ತದೆ: ಬಿಳಿಯ ಮೇಲೆ ಕೆಸರು ಮುಚ್ಚಿಡಲಾಗುವುದಿಲ್ಲ. ದಿನಾ ತೊಳೆಯಬೇಕು.

ನಾನು ಗದ್ದೆಯ ರಾಡಿಯಲ್ಲಿ ಕೇಜ್ ವೀಲ್ ಹಾಕಿ ಟ್ರ್ಯಾಕ್ಟರ್ ಹೊಡೆಯುವವನು. ಟ್ಯಾಂಕ್ ಹೊಡೆಯುವುದು ಅದಕ್ಕಿಂತ ಕಷ್ಟವೇ?
— ಕಾರಟಗಿಯ ಓದುಗರು

ಮೊದಲು ಒಂದು ವಿಷಯ. ಬಿಎಂಪಿ ಟ್ಯಾಂಕ್ ಅಲ್ಲ. ಟ್ಯಾಂಕಿನಲ್ಲಿ ಅದನ್ನು ನಡೆಸುವವರು ಮಾತ್ರ ಇರುತ್ತಾರೆ. ಬಿಎಂಪಿ ಕಾಲಾಳುಗಳನ್ನು ಹೊತ್ತೊಯ್ಯುವ ಗಾಡಿ. ಡ್ರೈವರ್, ಗನ್ನರ್, ಕಮಾಂಡರ್ ಮೂವರು ಗಾಡಿಯವರು; ಒಳಗೆ ಇನ್ನೂ ಏಳು ಜನ ಸೈನಿಕರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿರುತ್ತಾರೆ. ರಷ್ಯಾದವರ ವಿನ್ಯಾಸ. ನಮ್ಮಲ್ಲಿ ಮೇದಕ್‌ನ ಕಾರ್ಖಾನೆಯಲ್ಲಿ ‘ಸರಥ್’ ಎಂಬ ಹೆಸರಿನಲ್ಲಿ ತಯಾರಾಗಿದೆ. ತೂಕ 14 ಟನ್‌ಗೂ ಮೇಲೆ, ಡೀಸೆಲ್ ಎಂಜಿನ್ 300 ಅಶ್ವಶಕ್ತಿ, ಒಳ್ಳೆಯ ರಸ್ತೆಯಲ್ಲಿ ಗಂಟೆಗೆ 65 ಕಿಲೋಮೀಟರ್ ಓಡುತ್ತದೆ. ನೀರಿನಲ್ಲಿ ಈಜುತ್ತದೆ ಕೂಡ.

ಇನ್ನು ನಿಮ್ಮ ಪ್ರಶ್ನೆಗೆ. ರಾಡಿಯಲ್ಲಿ ಟ್ರ್ಯಾಕ್ಟರ್ ತಿರುಗಿಸಲು ನೀವು ಒಂದು ಬದಿಯ ಬ್ರೇಕ್ ಒತ್ತುತ್ತೀರಿ. ಬಿಎಂಪಿಯಲ್ಲಿ ಸ್ಟೀರಿಂಗ್ ಚಕ್ರವಿಲ್ಲ, ಹ್ಯಾಂಡಲ್ ಇದೆ. ತಿರುಗಿಸಿದಾಗ ಒಂದು ಬದಿಯ ಟ್ರ್ಯಾಕ್, ಅಂದರೆ ಚಕ್ರಗಳನ್ನು ಸುತ್ತಿದ ಉಕ್ಕಿನ ಪಟ್ಟಿ, ನಿಧಾನವಾಗುತ್ತದೆ, ಗಾಡಿ ಆ ಕಡೆಗೆ ಹೊರಳುತ್ತದೆ. ಅಲ್ಲಿಯವರೆಗೆ ನಿಮಗೆ ಕಷ್ಟವಾಗಲಾರದು. ಕಷ್ಟ ಇರುವುದು ಕಣ್ಣಿನಲ್ಲಿ. ಟ್ರ್ಯಾಕ್ಟರ್ ಮೇಲೆ ಕುಳಿತವನಿಗೆ ಸುತ್ತ ಹೊಲವೆಲ್ಲ ಕಾಣುತ್ತದೆ. ಬಿಎಂಪಿಯ ಡ್ರೈವರ್ ಮುಂಭಾಗದ ಎಡಗಡೆ, ನೆಲಕ್ಕೆ ಹತ್ತಿರ ಕುಳಿತಿರುತ್ತಾನೆ. ಬಲಕ್ಕೆ ಎಂಜಿನ್. ತಲೆಯ ಮೇಲಿನ ಮುಚ್ಚಳ, ಅಂದರೆ ಹ್ಯಾಚ್, ಮುಚ್ಚಿದರೆ ಅವನಿಗೆ ಉಳಿಯುವುದು ಮೂರು ಸಣ್ಣ ಪೆರಿಸ್ಕೋಪ್ ಗಾಜುಗಳು. ಗಾಡಿಯ ಮೂತಿಯ ಮುಂದಿನ ಒಂದಷ್ಟು ನೆಲ ಅವನಿಗೆ ಕಾಣುವುದೇ ಇಲ್ಲ. ಬಲಗಡೆ ಮಗು ನಿಂತಿದ್ದರೆ ಗೊತ್ತಾಗುವುದಿಲ್ಲ. ಹಿಂದೆ ಏನಿದೆ ಎಂಬುದಂತೂ ದೇವರಿಗೇ ಗೊತ್ತು. ಗಾಡಿಯ ಮೇಲಿನ ತಿರುಗುವ ಗೋಪುರ, ಅಂದರೆ ಟರೆಟ್‌ನಿಂದ ತಲೆ ಹೊರಹಾಕಿ ನಿಂತ ಕಮಾಂಡರ್ ಕಿವಿಯಲ್ಲಿ ಹೇಳಿದಂತೆ ಅವನು ನಡೆಸುತ್ತಾನೆ. ‘ಎಡಕ್ಕೆ ಸ್ವಲ್ಪ, ಸಾಕು, ಎಡಬದಿಗೆ ಮಕ್ಕಳು, ನಿಲ್ಲು.’ ಯುದ್ಧದಲ್ಲಿ ದಾರಿಗೆ ಅಡ್ಡ ಬಂದದ್ದರ ಮೇಲೆ ಹೋಗಬಹುದು. ಇಲ್ಲಿ ಒಬ್ಬ ಹೆಂಗಸಿನ ಬಾಳೆಗೊನೆಯ ಮೇಲೆ ಟ್ರ್ಯಾಕ್ ಹತ್ತಿದರೂ ಮರುದಿನ ಇಡೀ ಊರು ಶಿಬಿರದ ಬಾಗಿಲಿಗೆ ಬರುತ್ತದೆ. ಬರುವುದು ಸರಿಯೂ ಹೌದು.

ನೆಲದ ವಿಷಯ. ನಾವಿದ್ದುದು ಪೂರ್ವ ಕಾಂಗೋದ ಉತ್ತರ ಕಿವು ಪ್ರಾಂತದಲ್ಲಿ, ಗೋಮಾ ಪಟ್ಟಣದ ಸುತ್ತ. ಪಟ್ಟಣದ ನೆತ್ತಿಯ ಮೇಲೆಯೇ ನೈರಗೊಂಗೊ ಜ್ವಾಲಾಮುಖಿ. 2002ರಲ್ಲಿ ಅದರ ಲಾವಾ ಊರೊಳಗೇ ಹರಿದಿತ್ತು. ಆರಿದ ಆ ಕರಿಕಲ್ಲಿನ ಮೇಲೆಯೇ ಮನೆ, ಅಂಗಡಿ, ರಸ್ತೆ. ಕಲ್ಲು ಚೂಪು. ಬಿಎಂಪಿಯ ಪ್ರತಿ ಬದಿಗೂ ಆರು ಚಕ್ರಗಳಿವೆ, ಅವುಗಳ ಅಂಚಿಗೆ ರಬ್ಬರ್ ಇದೆ. ಆ ರಬ್ಬರ್ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಪಶ್ಚಿಮಕ್ಕೆ ಮಸೀಸಿ ಗುಡ್ಡಗಳಿಗೆ ಹೋದರೆ ಕಲ್ಲಿಲ್ಲ, ಜೇಡಿ. ಮಳೆ ಬಿದ್ದರೆ ಸೋಪು ಸವರಿದ ಹಾಗೆ ಜಾರುತ್ತದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಇಳಿಜಾರು. ಅಂಥಲ್ಲಿ ಗಟ್ಟಿಯಾಗಿ ತಿರುಗಿಸಿದರೆ ಟ್ರ್ಯಾಕ್ ಕಳಚಿಬೀಳುತ್ತದೆ. ಅದನ್ನು ಮತ್ತೆ ಏರಿಸುವುದು ಮಳೆಯಲ್ಲಿ ನಾಲ್ಕೈದು ಜನ ಹಾರೆ, ಸರಪಳಿ ಹಿಡಿದು ಮಾಡುವ ಕೆಲಸ. ಅಷ್ಟು ಹೊತ್ತು ಸುತ್ತಲೂ ಕಾವಲು.

ಹಳ್ಳಗಳ ಮೇಲೆ ಮರದ ದಿಮ್ಮಿ ಜೋಡಿಸಿದ ಸೇತುವೆಗಳು. ಊರವರು ಕಟ್ಟಿದ್ದು, ಎಷ್ಟು ತೂಕ ತಡೆಯುತ್ತದೆ ಎಂಬ ಫಲಕ ಎಲ್ಲಿಯೂ ಇಲ್ಲ. ನಾವು ಹೀಗೆ ಮಾಡುತ್ತಿದ್ದೆವು: ಆ ಏಳೂ ಜನ ಇಳಿದು ಎರಡೂ ದಡ ಕಾಯುತ್ತಾರೆ. ಗನ್ನರ್ ಸಹ ಇಳಿಯುತ್ತಾನೆ. ಒಳಗೆ ಡ್ರೈವರ್ ಒಬ್ಬನೇ, ಹ್ಯಾಚ್ ಪೂರ್ತಿ ತೆರೆದಿರಬೇಕು; ಗಾಡಿ ಬಿದ್ದರೆ ಹಾರಲು. ನಾನು ಸೇತುವೆಯ ಕೆಳಗಿಳಿದು ದಿಮ್ಮಿಗಳನ್ನು ಕೊಡಲಿಯ ಹಿಡಿಯಿಂದ ಬಡಿದು ನೋಡುತ್ತಿದ್ದೆ. ಟೊಳ್ಳಾದದ್ದು ಸದ್ದಿನಲ್ಲೇ ತಿಳಿಯುತ್ತದೆ. ಮೇಲೆ ಬಂದು ಗಾಡಿಗೆ ಮುಖಮಾಡಿ ಹಿಂದಕ್ಕೆ ನಡೆಯುತ್ತ, ಎರಡೂ ಕೈ ಮೇಲೆತ್ತಿ ಬೆರಳಿನ ಸನ್ನೆಯಿಂದ ಕರೆಯಬೇಕು. ಡ್ರೈವರ್ ಸೇತುವೆಯನ್ನು ನೋಡಬಾರದು, ನನ್ನ ಕೈಯನ್ನು ಮಾತ್ರ ನೋಡಬೇಕು. ನಡುವೆ ಗೇರ್ ಬದಲಿಸಬಾರದು, ನಿಲ್ಲಬಾರದು, ತಿರುಗಿಸಬಾರದು. ದಿಮ್ಮಿಗಳು ಕರಕರ ಎನ್ನುತ್ತವೆ. ನನ್ನ ಡ್ರೈವರ್ ಒಬ್ಬ ಒಡಿಶಾದ ಹುಡುಗ; ಅವನ ತುಟಿ ಅಲುಗುತ್ತಿದ್ದುದು ನನಗೆ ಕಾಣುತ್ತಿತ್ತು. ಜಗನ್ನಾಥನನ್ನು ಕರೆಯುತ್ತಿದ್ದನೋ ನನ್ನನ್ನು ಬೈಯುತ್ತಿದ್ದನೋ, ಕೇಳಲಿಲ್ಲ.

ಎರೆ ನೆಲದವರಿಗೆ ಇನ್ನೊಂದು ಮಾತು. ನಮ್ಮ ಸೈನಿಕರು ಇರುವ ದಕ್ಷಿಣ ಸುಡಾನ್‌ನ ಜೊಂಗ್ಲೇ, ಅಪ್ಪರ್ ನೈಲ್ ಪ್ರದೇಶಗಳಲ್ಲಿ ಅಪ್ಪಟ ನಮ್ಮದೇ ಎರೆಮಣ್ಣು. ನಾನು ಅಲ್ಲಿ ಇರಲಿಲ್ಲ, ಇದ್ದು ಬಂದ ಸಂಗಾತಿಗಳಿಂದ ಕೇಳಿದ್ದೇನೆ. ಸುಮಾರು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ರಸ್ತೆ ಎಂಬುದೇ ಇರುವುದಿಲ್ಲ. ಗಾಲಿಯ ಗಾಡಿಗಳು ನಿಂತಲ್ಲೇ ನಿಲ್ಲುತ್ತವೆ. ಅಕ್ಕಿ ಬೇಳೆ ಹೆಲಿಕಾಪ್ಟರ್‌ನಲ್ಲಿ, ಇಲ್ಲವೇ ನೈಲ್ ನದಿಯ ದೋಣಿಯಲ್ಲಿ ಬರಬೇಕು. ಸಿಂಧನೂರು, ಮಾನ್ವಿ ಕಡೆಯ ರೈತನನ್ನು ಅಲ್ಲಿಗೆ ಕರೆದೊಯ್ದರೆ ಯಾವ ಮೋಡಕ್ಕೆ ಗಾಡಿ ಹೊರಡಿಸಬಾರದು ಎಂದು ಅಧಿಕಾರಿಗಳಿಗಿಂತ ಮೊದಲು ಹೇಳುತ್ತಾನೆ.

ಅತ್ಯಂತ ಕಷ್ಟದ ಕೆಲಸ ಯಾವುದು? ಗುಂಡು ಹಾರಿಸುವುದೇ?
— ಪದವಿ ವಿದ್ಯಾರ್ಥಿನಿ, ಗಂಗಾವತಿ

ಫಿರಂಗಿಯ ನಾಳವನ್ನು ಯಾವ ಕಡೆ ಇಡುವುದು ಎಂಬುದು. ಸ್ವಲ್ಪ ವಿವರಿಸಬೇಕು, ತಾಳ್ಮೆ ಇರಲಿ.

ಬಿಎಂಪಿಯ ಟರೆಟ್‌ನಲ್ಲಿ 30 ಮಿಲಿಮೀಟರ್ ಫಿರಂಗಿ ಇದೆ. ನಿಮಿಷಕ್ಕೆ ಇನ್ನೂರು ಮುನ್ನೂರು ಗುಂಡು ಹಾರಿಸುವುದೇ ಅದಕ್ಕೆ ನಿಧಾನ. ಗನ್ನರ್‌ಗೆ ದೂರದ್ದನ್ನು ಹತ್ತಿರಕ್ಕೆ ತರುವ ದುರ್ಬೀನು ಇದೆ. ಆದರೆ ಆ ದುರ್ಬೀನು ನಾಳದ ಜೊತೆಗೇ ಏಳುತ್ತದೆ, ಇಳಿಯುತ್ತದೆ, ತಿರುಗುತ್ತದೆ. ಅಂದರೆ ಗನ್ನರ್ ಯಾರನ್ನಾದರೂ ನೋಡಬೇಕೆಂದರೆ ಅವರ ಕಡೆಗೆ ಫಿರಂಗಿ ತಿರುಗಿಸಲೇಬೇಕು. ಯುದ್ಧದಲ್ಲಿ ಇದು ಅನುಕೂಲ. ಸಂತೆಯಲ್ಲಿ? ಅವನ ಮಟ್ಟಿಗೆ ಅದು ಬರೀ ನೋಟ, ಎದುರಿಗೆ ನಿಂತವರ ಎದೆಗೆ ಫಿರಂಗಿ. ಆದ್ದರಿಂದ ಊರೊಳಗೆ ಹೋಗುವಾಗ ನಾಳವನ್ನು ಆಕಾಶಕ್ಕೆ ಎತ್ತಿಡುವುದು ನನ್ನ ಕಟ್ಟಪ್ಪಣೆ. ನಾಳ ಮೇಲಾದರೆ ಗನ್ನರ್‌ನ ದುರ್ಬೀನಿನಲ್ಲಿ ಬರೀ ಮೋಡ. ಪಕ್ಕದ ಸಣ್ಣ ಗಾಜುಗಳಲ್ಲಿ ಕಂಡಷ್ಟೇ ಅವನಿಗೆ ಲೋಕ. ಕೈಯ ಕೆಳಗೆ ಅಷ್ಟು ದೊಡ್ಡ ಆಯುಧ ಇಟ್ಟುಕೊಂಡು, ಹೊರಗೆ ಏನಾಗುತ್ತಿದೆ ಎಂದು ಅರೆಬರೆ ತಿಳಿದು, ಗಂಟೆಗಟ್ಟಲೆ ಸುಮ್ಮನೆ ಕುಳಿತಿರುವುದು. ಇಪ್ಪತ್ನಾಲ್ಕು ವರ್ಷದ ಹುಡುಗನಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಒಂದು ದಿನದ ಸಂಗತಿ. ಗೋಮಾದಿಂದ ಸಾಕೆ ಎಂಬ ಊರಿನ ಕಡೆಗೆ ಹೋಗುವ ರಸ್ತೆ. ಹಿಂದಿನ ರಾತ್ರಿ ಗುಡ್ಡದ ಹಳ್ಳಿಯೊಂದರ ಮೇಲೆ ದಾಳಿಯಾಗಿತ್ತು, ನಮ್ಮವರು ತಲುಪುವಷ್ಟರಲ್ಲಿ ದಾಳಿಕೋರರು ಹೋಗಿದ್ದರು. ಬೆಳಿಗ್ಗೆ ರಸ್ತೆಯ ಸಂತೆಯಲ್ಲಿ ಜನ ನಮ್ಮನ್ನು ತಡೆದರು. ಅಲ್ಲಿ ಚುಕುಡು ಎಂಬ ಮರದ ಗಾಡಿ ಉಂಟು: ಎರಡು ಮರದ ಗಾಲಿ, ಉದ್ದನೆಯ ಹಲಗೆ, ಎತ್ತರದ ಹಿಡಿ. ಇಳಿಜಾರಿನಲ್ಲಿ ಅದರ ಮೇಲೆ ಮೊಣಕಾಲೂರಿ ಮೂಟೆಗಟ್ಟಲೆ ಇದ್ದಿಲು, ಆಲೂಗಡ್ಡೆ ಒಯ್ಯುತ್ತಾರೆ. ಇದ್ದಿಲು ತುಂಬಿದ ನಾಲ್ಕೈದು ಚುಕುಡುಗಳನ್ನು ಗಾಡಿಗೆ ಅಡ್ಡ ನಿಲ್ಲಿಸಿದರು. ಬೈಗುಳ, ಆಮೇಲೆ ಕಲ್ಲು. ಅದೇ ಲಾವಾ ಕಲ್ಲು. ಒಂದು ಹೆಡ್‌ಲೈಟಿಗೆ, ಒಂದು ನನ್ನ ಭುಜಕ್ಕೆ. ಗನ್ನರ್ ಇಂಟರ್‌ಕಾಮ್‌ನಲ್ಲಿ ಕೇಳಿದ: ‘ಸಾಹೇಬ್, ಒಮ್ಮೆ ನೋಡಲೇ?’ ನೋಡುವುದೆಂದರೆ ಏನೆಂದು ನಿಮಗೆ ಈಗ ಗೊತ್ತು. ‘ಬೇಡ’ ಎಂದೆ.

ನಿಯಮ ಸ್ಪಷ್ಟವಾಗಿದೆ. ನಮ್ಮ ಜೀವ ಉಳಿಸಿಕೊಳ್ಳಲು, ನಾಗರಿಕರ ಜೀವ ಉಳಿಸಲು ಬಲ ಬಳಸಬಹುದು. ಆದರೆ ಎಷ್ಟು ಬೇಕೋ ಅಷ್ಟೇ. ಸಮಯವಿದ್ದರೆ ಮೊದಲು ಬಾಯಿಮಾತಿನ ಎಚ್ಚರಿಕೆ, ಆಮೇಲೆ ಎಚ್ಚರಿಕೆಯ ಗುಂಡು, ಕೊನೆಗೆ ಗುರಿಯಿಟ್ಟು. ಕಲ್ಲಿಗೆ ಉತ್ತರ ಫಿರಂಗಿಯಲ್ಲ. ಆ ಗುಂಡು ಒಬ್ಬನಿಗೆ ಬಡಿದು ನಿಲ್ಲುವಂಥದ್ದೂ ಅಲ್ಲ, ಹಿಂದಿನ ತಗಡಿನ ಮನೆಯನ್ನೂ ದಾಟುತ್ತದೆ.

ಹ್ಯಾಚ್ ಮುಚ್ಚಿ ಒಳಗೆ ಕುಳಿತರೆ ಕಲ್ಲಿನಿಂದ ಏನೂ ಆಗುತ್ತಿರಲಿಲ್ಲ. ಆದರೆ ಮುಚ್ಚಿದ ಮೇಲೆ ಡ್ರೈವರ್‌ಗೆ ಕಣ್ಣಿಲ್ಲ, ಜನರಿಗೆ ಮಾತನಾಡಲು ಮುಖವಿಲ್ಲ. ನಾನು ಎಂಜಿನ್ ಆರಿಸಲು ಹೇಳಿದೆ. ಡ್ರೈವರ್‌ಗೆ ಅದು ಒಪ್ಪಿಗೆಯಾಗಲಿಲ್ಲ. ಗುಂಪಿನ ನಡುವೆ ಎಂಜಿನ್ ಆರಿಸುವುದನ್ನು ಯಾವ ಡ್ರೈವರೂ ಒಪ್ಪುವುದಿಲ್ಲ. ಆದರೆ ಆ ಸದ್ದಿನಲ್ಲಿ ನಮ್ಮ ದುಭಾಷಿಯ ಮಾತು ಅವನಿಗೇ ಕೇಳುತ್ತಿರಲಿಲ್ಲ. ಸದ್ದು ನಿಂತ ಮೇಲೆ ಅವನು ಕೆಳಗಿಳಿದು ಸ್ವಾಹಿಲಿಯಲ್ಲಿ ಒಬ್ಬ ಮುದುಕಿಯ ಜೊತೆ ಮಾತಿಗೆ ನಿಂತ. ಆಕೆ ಬೈದಳು, ಅವನು ಕೇಳಿಸಿಕೊಂಡ. ಅವನು ನನಗೆ ಹೇಳಿದ, ನಾನು ಕೇಳಿಸಿಕೊಂಡೆ. ಕಡೆಗೆ ದಾರಿ ಬಿಟ್ಟವರು ಯಾರು ಗೊತ್ತೇ? ಚುಕುಡುವಿನವರು. ಬಿಸಿಲು ಏರುವ ಮೊದಲು ಅವರ ಇದ್ದಿಲು ಗೋಮಾದಲ್ಲಿ ಮಾರಾಟವಾಗಬೇಕಿತ್ತು. ರಾಜಿ ಸಂಧಾನದ ಮೇಲೆ ನಾನು ಬಹಳ ಭಾಷಣ ಕೇಳಿದ್ದೇನೆ; ಆ ದಿನ ಕೆಲಸ ಮಾಡಿದ್ದು ಹೊಟ್ಟೆಪಾಡು.

ಉಳಿದ ಕಷ್ಟಗಳನ್ನು ಹುಡುಗಿಯರು ಓದುವ ಪತ್ರಿಕೆಯಲ್ಲಿ ಬರೆಯಬಾರದು ಎಂದು ಸಂಪಾದಕರು ಅಂದುಕೊಳ್ಳಬಹುದು, ಆದರೆ ನೀವು ಸೈನ್ಯ ಸೇರಬೇಕೆಂದು ಬರೆದಿದ್ದೀರಿ: ಗಸ್ತಿನ ನಡುವೆ ಮೂತ್ರಕ್ಕೆ ಇಳಿಯುವುದೂ ಒಂದು ಕಾರ್ಯಾಚರಣೆಯೇ. ಅದಕ್ಕೆ ಹೆದರಿ ನೀರು ಕುಡಿಯದೆ ಇದ್ದವರು ಮೂತ್ರಪಿಂಡದ ಕಲ್ಲು ಹೊತ್ತು ಬಂದಿದ್ದಾರೆ. ನೀರು ಕುಡಿಯಬೇಕು, ಮುಜುಗರ ಬಿಡಬೇಕು.

2012ರಲ್ಲಿ ವಿಶ್ವಸಂಸ್ಥೆಯ ಪಡೆ ಅಲ್ಲೇ ಇದ್ದಾಗಲೇ ಗೋಮಾ ಬಂಡುಕೋರರ ವಶವಾಯಿತು. ಹಾಗಾದರೆ ಈ ಗಾಡಿ, ಫಿರಂಗಿ, ಇಷ್ಟು ಜನ ಏತಕ್ಕೆ? ನೀವು ಕೋಪಿಸಿಕೊಳ್ಳುವುದಿಲ್ಲ ಎಂದು ಭಾವಿಸುತ್ತೇನೆ.
— ಕಾಲೇಜು ಉಪನ್ಯಾಸಕರು, ಬಳ್ಳಾರಿ

ಕೋಪವೇಕೆ? ಈ ಪ್ರಶ್ನೆಯನ್ನು ಗೋಮಾದ ಕ್ಷೌರಿಕನೂ ನನ್ನನ್ನು ಕೇಳಿದ್ದಾನೆ, ಅದೂ ಕೈಯಲ್ಲಿ ಕತ್ತಿ ಹಿಡಿದು.

ನಡೆದದ್ದು ನಿಜ. ಆ ವರ್ಷದ ನವೆಂಬರ್ 20ರಂದು ಎಂ-23 ಬಂಡುಕೋರರು ಗೋಮಾ ಪ್ರವೇಶಿಸಿದರು. ಅದಕ್ಕೂ ಮೊದಲು ವಿಶ್ವಸಂಸ್ಥೆಯ ಹೆಲಿಕಾಪ್ಟರ್‌ಗಳು ಅವರ ಮೇಲೆ ದಾಳಿ ಮಾಡಿದ್ದವು. ಆದರೆ ನಮ್ಮ ಪಡೆಗೆ ಕೊಟ್ಟಿದ್ದ ಕೆಲಸ ಕಾಂಗೋ ಸರ್ಕಾರದ ಸೈನ್ಯಕ್ಕೆ ಬೆಂಬಲ ಕೊಡುವುದು. ಆ ಸೈನ್ಯವೇ ಊರು ಬಿಟ್ಟಾಗ ಬೀದಿ ಕಾಳಗ ನಡೆಯಲಿಲ್ಲ. ನಾನು ಅಲ್ಲಿಗೆ ಹೋದದ್ದು ಅದರ ಮರುವರ್ಷ, ಜನರ ಸಿಟ್ಟು ಇನ್ನೂ ಹಸಿಯಾಗಿತ್ತು. ಅದಕ್ಕೂ ಹಿಂದೆ, 2008ರ ನವೆಂಬರ್‌ನಲ್ಲಿ, ಕಿವಾಂಜಾ ಎಂಬ ಊರಿನಲ್ಲಿ ವಿಶ್ವಸಂಸ್ಥೆಯ ಶಿಬಿರದಿಂದ ನಡೆದು ಹೋಗುವಷ್ಟು ದೂರದಲ್ಲಿ ಸುಮಾರು 150 ನಾಗರಿಕರ ಕೊಲೆಯಾಗಿತ್ತು. ಅದನ್ನು ಅಲ್ಲಿನವರು ಮರೆತಿಲ್ಲ, ನಾವೂ ಮರೆಯಬಾರದು.

2013ರ ಮಾರ್ಚ್‌ನಲ್ಲಿ ಭದ್ರತಾ ಮಂಡಳಿ 2098ನೆಯ ನಿರ್ಣಯ ಮಾಡಿ, ಬಂಡುಕೋರರ ಮೇಲೆ ತಾನಾಗಿಯೇ ಎರಗುವ ಅಧಿಕಾರವಿರುವ ಒಂದು ಬ್ರಿಗೇಡ್ ರಚಿಸಿತು. ಅದರಲ್ಲಿ ದಕ್ಷಿಣ ಆಫ್ರಿಕಾ, ತಾಂಜಾನಿಯಾ, ಮಲಾವಿ ದೇಶಗಳ ಸೈನಿಕರಿದ್ದರು, ನಾವಿರಲಿಲ್ಲ. ಆ ವರ್ಷದ ನವೆಂಬರ್‌ಗೆ ಎಂ-23 ಸೋತು ಚದುರಿತು. ಸಮಸ್ಯೆ ಮುಗಿಯಿತೇ? 2025ರ ಜನವರಿಯಲ್ಲಿ ಅದೇ ಎಂ-23 ಅದೇ ಗೋಮಾವನ್ನು ಮತ್ತೆ ಹಿಡಿಯಿತು.

ಬಿಎಂಪಿಯ ಟರೆಟ್‌ನಲ್ಲಿ ನಿಂತವನಿಗೆ ನ್ಯೂಯಾರ್ಕ್‌ನಲ್ಲಿ ಬರೆದ ನಿರ್ಣಯದ ಕೊನೆಯ ಬಾಲ ಸಿಗುತ್ತದೆ: ಇಂಥ ಕೂಡುರಸ್ತೆಯಲ್ಲಿ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ನಿಲ್ಲು. ಅಷ್ಟೇ. ಅದರಿಂದ ಏನು ಪ್ರಯೋಜನ ಎಂದರೆ, ನಾವು ಬೀಡುಬಿಟ್ಟ ಕಡೆ ಸಂಜೆಯಾದಂತೆ ಸುತ್ತಲ ಹಳ್ಳಿಗಳ ಹೆಂಗಸರು ಚಾಪೆ, ಪಾತ್ರೆ, ಮಕ್ಕಳನ್ನು ಹೊತ್ತು ಬಂದು ನಮ್ಮ ತಂತಿಬೇಲಿಯ ಆಚೆ ಮಲಗುತ್ತಿದ್ದರು. ಬೆಳಿಗ್ಗೆ ಹೊಲಕ್ಕೆ ಹೋಗುತ್ತಿದ್ದರು. ನಮ್ಮ ಮೇಲೆ ಪೂರ್ತಿ ನಂಬಿಕೆ ಇತ್ತು ಎಂದಲ್ಲ. ಬೇರೆ ಯಾವ ಕಡೆಯೂ ಇರಲಿಲ್ಲ. ಆ ಗಾಡಿ ಅಲ್ಲಿ ನಿಲ್ಲಬೇಕೆಂಬುದು ನನ್ನ ಅಭಿಪ್ರಾಯ. ಆದರೆ ನಿಲ್ಲಿಸಿದವರು ಅದಕ್ಕೆ ಏನು ಮಾಡುವ ಅಧಿಕಾರ ಕೊಟ್ಟಿದ್ದಾರೆ ಎಂಬುದನ್ನು ಬೇಲಿಯಾಚೆ ಮಲಗಿದವರಿಗೂ ಮೊದಲೇ ಹೇಳಬೇಕು. ಹೇಳದೆ ಹೋದದ್ದರ ಬೆಲೆಯನ್ನು ಕಡೆಗೆ ತೆರುವವರು ಜನರು, ಮತ್ತು ಕೆಳಗಿನ ಸೈನಿಕರು. 2022ರ ಜುಲೈನಲ್ಲಿ ಬುಟೆಂಬೊ ಎಂಬಲ್ಲಿ ಸಿಟ್ಟಿಗೆದ್ದ ಗುಂಪು ಶಿಬಿರಕ್ಕೆ ನುಗ್ಗಿದಾಗ ನಮ್ಮ ಗಡಿ ಭದ್ರತಾ ಪಡೆಯ ಇಬ್ಬರು ಸತ್ತರು.

ರಾಯಚೂರಿನ ಬಿಸಿಲು ಕಂಡವರಿಗೆ ಆಫ್ರಿಕಾದ ಸೆಕೆ ಲೆಕ್ಕವೇ?
— ರಾಯಚೂರಿನ ಓದುಗರು

ಗೋಮಾ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ಸಂಜೆಗೆ ಸ್ವೆಟರ್ ಬೇಕು. ನಿಮ್ಮ ಬಿಸಿಲಿನ ಅನುಭವವನ್ನು ಪೆಟ್ಟಿಗೆಯಲ್ಲಿ ಇಟ್ಟು ಹೋಗಬಹುದು. ಸೆಕೆ ಇರುವುದು ಗಾಡಿಯೊಳಗೆ: ಡ್ರೈವರ್‌ನ ಬಲಕ್ಕೆ ಎಂಜಿನ್, ಮೈಮೇಲೆ ಗುಂಡುನಿರೋಧಕ ಜಾಕೆಟ್. ಹಿಂದೆ ಕುಳಿತವರಿಗೆ ಡೀಸೆಲ್ ವಾಸನೆ. ಬಿಎಂಪಿಯ ಹಿಂಬದಿಯ ಬಾಗಿಲುಗಳೇ ಇಂಧನದ ತೊಟ್ಟಿಗಳು. ಇದನ್ನು ತಿಳಿದ ದಿನ ಹೊಸಬರು ಬಾಗಿಲಿಗೆ ಬೆನ್ನು ಕೊಡುವುದನ್ನು ಬಿಡುತ್ತಾರೆ.

ಮಗ ವಿಶ್ವಸಂಸ್ಥೆಯ ಕೆಲಸಕ್ಕೆ ಆಯ್ಕೆಯಾಗಿದ್ದಾನೆ. ಡಾಲರ್‌ನಲ್ಲಿ ಸಂಬಳ ಬರುತ್ತದೆ ಎಂದು ಬಂಧುಗಳೆಲ್ಲ ಈಗಲೇ ಸಾಲ ಕೇಳುತ್ತಿದ್ದಾರೆ. ನಿಜವೇ?
— ಒಬ್ಬ ತಾಯಿ, ಕೊಪ್ಪಳ

ಬಂಧುಗಳಿಗೆ ಹೀಗೆ ಹೇಳಿ: ವಿಶ್ವಸಂಸ್ಥೆ ಒಬ್ಬ ಸೈನಿಕನಿಗೆ ತಿಂಗಳಿಗೆ ಇಷ್ಟು ಎಂದು ಕೊಡುವ ಹಣ ಅವನ ದೇಶದ ಸರ್ಕಾರಕ್ಕೆ ಹೋಗುತ್ತದೆ. 2018ರ ಜುಲೈನಲ್ಲಿ ಆ ಮೊತ್ತ 1,428 ಡಾಲರ್ ಎಂದಾಗಿತ್ತು. ಸೈನಿಕನಿಗೆ ವಿಶ್ವಸಂಸ್ಥೆಯಿಂದ ನೇರವಾಗಿ ಸಿಗುವ ದಿನಭತ್ಯೆ 1 ಡಾಲರ್ 28 ಸೆಂಟ್. ಚಹಾ, ಬಿಸ್ಕತ್ತಿನ ಹಣ. ಅವನ ಸಂಬಳ, ವಿದೇಶ ಭತ್ಯೆ ನಮ್ಮ ಸರ್ಕಾರದ ನಿಯಮದಂತೆ ಬರುತ್ತವೆ. ನಾಲ್ಕು ಕಾಸು ಉಳಿಯುತ್ತದೆ, ಬಂಧುಬಳಗಕ್ಕೆಲ್ಲ ಹಂಚುವಷ್ಟಲ್ಲ.

ನಿಮ್ಮ ಮಗ ಕವಚವಾಹನದ ಘಟಕದವನು ಎಂದು ಬರೆದಿದ್ದೀರಿ, ಆದ್ದರಿಂದ ಇದನ್ನೂ ತಿಳಿದಿರಿ. ಗಾಡಿಗೂ ಬಾಡಿಗೆ ಉಂಟು. ದೇಶ ಒಯ್ದ ವಾಹನಕ್ಕೆ ವಿಶ್ವಸಂಸ್ಥೆ ಹಣ ಕೊಡುತ್ತದೆ, ಆದರೆ ಅದು ಓಡುವ ಸ್ಥಿತಿಯಲ್ಲಿದ್ದರೆ ಮಾತ್ರ. ತಪಾಸಣೆಗೆ ಆಗಾಗ ತಂಡ ಬರುತ್ತದೆ; ಎಂಜಿನ್ ಚಾಲೂ ಮಾಡಿಸುತ್ತಾರೆ, ಟರೆಟ್ ತಿರುಗಿಸಿಸುತ್ತಾರೆ, ರೇಡಿಯೋ ಕೇಳುತ್ತಾರೆ. ಬಿಡಿಭಾಗಗಳು ಭಾರತದಿಂದ ಬರಬೇಕು. ಆದ್ದರಿಂದ ಗಸ್ತಿನಿಂದ ಬಂದವನು ಮಲಗುವುದಿಲ್ಲ. ಟ್ರ್ಯಾಕಿನ ಪಿನ್ನು ನೋಡಬೇಕು, ಬಿಗಿತ ನೋಡಬೇಕು, ಗಾಳಿಯ ಫಿಲ್ಟರ್ ತೊಳೆಯಬೇಕು, ಎಣ್ಣೆ ಅಳೆಯಬೇಕು. ಫೋನ್ ಬರಲಿಲ್ಲವೆಂದು ಆತಂಕಪಡಬೇಡಿ. ಬಹಳ ಸಲ ಅವನು ಗಾಡಿಯ ಕೆಳಗೆ ಇರುತ್ತಾನೆ.

ಯಜಮಾನರು ಹೊರದೇಶದ ಕರ್ತವ್ಯದಿಂದ ಬಂದ ಮೇಲೆ ಮಾತಿಗೆಲ್ಲ ‘ಏನು?’ ಎನ್ನುತ್ತಾರೆ, ಟಿವಿ ಜೋರಾಗಿ ಇಡುತ್ತಾರೆ, ರಾತ್ರಿ ನಿದ್ದೆ ಇಲ್ಲ. ಕೇಳಿದರೆ ರೇಗುತ್ತಾರೆ.
— ಹೆಸರು ಬೇಡ, ಕುಷ್ಟಗಿ

ತಂಗೀ, ಇದನ್ನು ಎರಡಾಗಿ ನೋಡೋಣ. ಕಿವಿ ಮೊದಲು. ಅವರೂ ಬಿಎಂಪಿಯವರಾಗಿದ್ದರೆ, ಆ ಗಾಡಿಯೊಳಗೆ ಕೂಗಿದರೂ ಪಕ್ಕದವನಿಗೆ ಕೇಳುವುದಿಲ್ಲ. ಕಿವಿಗೆ ಇಯರ್‌ಫೋನ್ ಇರುವ ಮೆತ್ತನೆಯ ಹೆಲ್ಮೆಟ್ ಹಾಕಿ, ಗಂಟಲಿಗೆ ಮೈಕ್ ಕಟ್ಟಿಕೊಂಡು ಮಾತನಾಡುತ್ತೇವೆ. ವರ್ಷಾನುಗಟ್ಟಲೆ ಹಾಗೆ ಇದ್ದವರಿಗೆ ಕಿವಿ ಮಂದವಾಗುವುದು, ಒಳಗೆ ಗುಂಯ್ ಎನ್ನುವುದು ಸಾಮಾನ್ಯ. ನಿದ್ದೆ ಬಾರದಿರಲು ಆ ಗುಂಯ್ ಸದ್ದೇ ಕಾರಣವಿರಬಹುದು, ಊರು ಮಲಗಿದ ಮೇಲೆಯೇ ಅದು ದೊಡ್ಡದಾಗಿ ಕೇಳುತ್ತದೆ. ಸೇವೆಯಲ್ಲಿದ್ದರೆ ಘಟಕದ ವೈದ್ಯರ ಮೂಲಕ ಸೇನಾ ಆಸ್ಪತ್ರೆಯಲ್ಲಿ, ನಿವೃತ್ತರಾಗಿದ್ದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್ ಮೂಲಕ ಶ್ರವಣ ಪರೀಕ್ಷೆ ಮಾಡಿಸಿ. ಕಾಗದದಲ್ಲಿ ದಾಖಲಾಗಲಿ. ಸೇವೆಯಿಂದ ಬಂದ ಊನ ಎಂದು ಮುಂದೆ ಹೇಳಬೇಕಾದರೆ ದಾಖಲೆಯೇ ಮಾತನಾಡುವುದು.

ಎರಡನೆಯದು ರೇಗುವುದು. ಅವರು ಏನು ಕಂಡು ಬಂದಿದ್ದಾರೆ ಎಂದು ಕೆದಕಬೇಡಿ, ಆದರೆ ಹೇಳಲು ಹೊರಟಾಗ ‘ಹೋಗಲಿ ಬಿಡಿ’ ಎಂದು ತಡೆಯಲೂ ಬೇಡಿ. ಗಂಡಸಿಗೆ ಇದೆಲ್ಲ ಬೇಕೇ ಎನ್ನುವ ನೆಂಟರನ್ನು ಬಾಗಿಲಲ್ಲೇ ನಿಲ್ಲಿಸಿ. ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ ಇದೆ, ಸಂಖ್ಯೆ 14416. ಕನ್ನಡದಲ್ಲಿಯೇ ಮಾತನಾಡಬಹುದು. ಅವರು ಮಾಡದಿದ್ದರೆ ನೀವು ಮಾಡಿ, ಹೇಗೆ ನಡೆದುಕೊಳ್ಳಬೇಕೆಂದು ನಿಮಗೂ ಹೇಳುತ್ತಾರೆ.

ಭಾರತ ಹೀಗೆ ಕವಚವಾಹನಗಳನ್ನು ಕಳುಹಿಸಿದ್ದು ಕಾಂಗೋಗೆ ಮಾತ್ರವೇ? ನಿಜವಾದ ಯುದ್ಧ ನಡೆದದ್ದುಂಟೇ?
— ನಿವೃತ್ತ ಶಿಕ್ಷಕರು, ಯಲಬುರ್ಗಾ

ಇಲ್ಲ ಗುರುಗಳೇ. 1993–94ರಲ್ಲಿ ಸೊಮಾಲಿಯಾಕ್ಕೆ ಹೋದ ನಮ್ಮ ಬ್ರಿಗೇಡ್ ಟಿ-72 ಟ್ಯಾಂಕುಗಳನ್ನೂ ಒಯ್ದಿತ್ತು. ಕಾದಾಟ ಎಂದರೆ ಸಿಯೆರಾ ಲಿಯೋನ್. 2000ದ ಮೇ ತಿಂಗಳಿಂದ ಕೈಲಾಹುನ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಭಾರತೀಯ ಶಾಂತಿಪಾಲಕರನ್ನು ಬಂಡುಕೋರರು ಮುತ್ತಿಗೆ ಹಾಕಿದ್ದರು. ಜುಲೈನಲ್ಲಿ, ಮಳೆಗಾಲದ ನಡುವೆ, ‘ಆಪರೇಷನ್ ಖುಕ್ರಿ’ ನಡೆಸಿ ಅವರನ್ನು ಬಿಡಿಸಿ ತಂದರು. ಅಲ್ಲಿ ಕಾಡಿನ ಕಿರಿದಾರಿಯಲ್ಲಿ ಬಿಎಂಪಿಗಳು ಗುಂಡು ಹಾರಿಸುತ್ತಲೇ ಸಾಗಿದವು. ನಮ್ಮ ರೆಜಿಮೆಂಟಿನ ಹುಡುಗರಿಗೆ ಇಂದಿಗೂ ಅದನ್ನು ಪಾಠವಾಗಿ ಹೇಳುತ್ತಾರೆ. ಕಾಂಗೋದಲ್ಲೇ 1961ರ ಡಿಸೆಂಬರ್ 5ರಂದು ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಮಡಿದರು. ವಿಶ್ವಸಂಸ್ಥೆಯ ಕರ್ತವ್ಯದಲ್ಲಿ ಪರಮವೀರ ಚಕ್ರ ಪಡೆದವರು ಅವರೊಬ್ಬರೇ. ಇದುವರೆಗೆ 170ಕ್ಕೂ ಹೆಚ್ಚು ಭಾರತೀಯರು ನೀಲಿ ಬಾವುಟದಡಿ ಪ್ರಾಣ ಬಿಟ್ಟಿದ್ದಾರೆ.

ಅಷ್ಟು ದಿನ ಜೋಳದ ರೊಟ್ಟಿ ಇಲ್ಲದೆ ಹೇಗಿದ್ದಿರಿ?
— ಹೋಟೆಲ್ ಮಾಲೀಕರು, ಸಿರುಗುಪ್ಪ

ಕಷ್ಟಪಟ್ಟು. ವಿಶ್ವಸಂಸ್ಥೆ ಪಡಿತರದಲ್ಲಿ ನಮ್ಮವರಿಗೆ ಅಕ್ಕಿ, ಗೋಧಿಹಿಟ್ಟು, ಬೇಳೆ ಕೊಡುತ್ತದೆ. ಜೋಳ ಎಂದರೆ ನಮ್ಮ ಹರಿಯಾಣದ ಅಡುಗೆಯವನು ದನದ ಮೇವು ಎಂದು ನಕ್ಕ. ದಕ್ಷಿಣ ಸುಡಾನ್‌ಗೆ ಹೋದವರು ಪುಣ್ಯವಂತರು: ಅಲ್ಲಿನ ಮುಖ್ಯ ಬೆಳೆಯೇ ಜೋಳ, ಹುಳಿ ಬರಿಸಿದ ಜೋಳದ ಹಿಟ್ಟಿನಿಂದ ಕಿಸ್ರಾ ಎಂಬ ತೆಳ್ಳನೆಯ ರೊಟ್ಟಿ ಮಾಡುತ್ತಾರೆ. ಗೋಮಾದಲ್ಲಿ ಸಿಕ್ಕದ್ದು ಮೆಕ್ಕೆಜೋಳದ ಮುದ್ದೆ. ಮನೆಯಿಂದ ಕಟ್ಟಿಕೊಟ್ಟಿದ್ದ ಗುರೆಳ್ಳು ಚಟ್ನಿಪುಡಿಯ ಜೊತೆ ಅದನ್ನು ತಿನ್ನಬಹುದು. ಒಡಿಶಾದ ಹುಡುಗನಿಗೂ ಆ ಪುಡಿ ರುಚಿಸಿತು. ಅರ್ಧ ಡಬ್ಬಿ ಅವನೇ ಖಾಲಿ ಮಾಡಿದ.